ನಿರ್ದಿಷ್ಟ ಕಲಿಕಾ ನ್ಯೂನತೆಯ (ಎಸ್‌ಎಲ್‌ಡಿ) ಮಕ್ಕಳ ಐಕ್ಯೂ ಪರೀಕ್ಷೆ ಹಾಗೂ ಪ್ರಮಾಣಪತ್ರ ನಿರಾಕರಣೆ ಕುರಿತು ಮನವಿ ಪತ್ರ

ಗೆ,
ಮಾನ್ಯ ರಾಜ್ಯ ಆಯುಕ್ತರು,
ವಿಕಲಚೇತನರ ಹಕ್ಕುಗಳ ಅಧಿನಿಯಮ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಐಕ್ಯೂ 85ರ ಮೇಲಿಲ್ಲ ಎಂಬ ಒಂದೇ ಕಾರಣಕ್ಕೆ ಕನ್ನಡ ಮಾಧ್ಯಮದ ಮಕ್ಕಳಿಗೆ ಎಸ್‌ಎಲ್‌ಡಿ ಪರೀಕ್ಷೆಯನ್ನೇ ನಿರಾಕರಿಸುತ್ತಿರುವುದನ್ನು ನಿಲ್ಲಿಸಲು ಹಾಗೂ ತಿರಸ್ಕೃತ ಮಕ್ಕಳ ಮರುಪರೀಕ್ಷೆಗೆ ಆದೇಶಿಸಲು ಕೋರಿ.

ಮಾನ್ಯರೇ,

ಕೆಳಗೆ ಸಹಿ ಮಾಡಿರುವ ನಾವೆಲ್ಲ ಕಲ್ಯಾಣ ಕರ್ನಾಟಕದ ಒಂದೇ ಜಿಲ್ಲೆಯ ಪಾಲಕರು. ನಮ್ಮಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿದ್ದಾರೆ, ಬಸ್ ನಿರ್ವಾಹಕರಿದ್ದಾರೆ, ತೊಗರಿ ಬೆಳೆಯುವವರಿದ್ದಾರೆ, ಹೊಲಿಗೆ ಯಂತ್ರದ ಮೇಲೆ ಮನೆ ನಡೆಸುವ ತಾಯಂದಿರಿದ್ದಾರೆ. ನಮ್ಮ ಮಕ್ಕಳು ಪಾಠ ಕೇಳಿದರೆ ತಿರುಗಿ ವಿವರಿಸುತ್ತಾರೆ. ಅದೇ ಪಾಠ ಓದು ಎಂದರೆ ಒತ್ತಕ್ಷರದ ಹತ್ತಿರ ನಿಂತುಬಿಡುತ್ತಾರೆ, ಬರೆಯುವಾಗ ದೀರ್ಘ ಬಿಡುತ್ತಾರೆ, ಅಲ್ಪಪ್ರಾಣ ಮಹಾಪ್ರಾಣ ಅದಲು ಬದಲು ಮಾಡುತ್ತಾರೆ, ಒಂದು ಪುಟಕ್ಕೆ ಒಂದು ಗಂಟೆ ತೆಗೆದುಕೊಳ್ಳುತ್ತಾರೆ. 2016ರ ಅಧಿನಿಯಮದ ಅನುಸೂಚಿಯ 21 ನ್ಯೂನತೆಗಳಲ್ಲಿ ಇವರಿಗೂ ಒಂದು ಸ್ಥಾನವಿದೆ. ಶಿಕ್ಷಣದ ಬಗ್ಗೆ ಕಲಂ 16 ಮತ್ತು 17 ಏನು ಹೇಳುತ್ತವೆ ಎಂದು ತಮಗೆ ನಾವು ವಿವರಿಸಬೇಕಾಗಿಲ್ಲ.

ಈ ವಿಷಯವಾಗಿ ಜಿಲ್ಲಾ ಮಟ್ಟದಲ್ಲಿ ಕೊಟ್ಟ ಅರ್ಜಿಗಳಿಗೆ ಸ್ವೀಕೃತಿ ಸಿಕ್ಕಿದೆ, ಉತ್ತರ ಸಿಕ್ಕಿಲ್ಲ. ಜನಸ್ಪಂದನ ಸಭೆಯಲ್ಲಿ ಕೊಟ್ಟ ಮನವಿಯನ್ನು “ಸೂಕ್ತ ಕ್ರಮಕ್ಕಾಗಿ” ಯಾವ ಆಸ್ಪತ್ರೆಯ ಮೇಲೆ ದೂರಿದೆವೋ ಅದೇ ಆಸ್ಪತ್ರೆಗೆ ರವಾನಿಸಲಾಯಿತು. ಆ ಆಸ್ಪತ್ರೆಯ ಹೆಸರು ಮುಚ್ಚಿದ ಲಕೋಟೆಯಲ್ಲಿದೆ. ನಮ್ಮ ಮಕ್ಕಳು ನಾಳೆ ಮತ್ತೆ ಅದೇ ಆಸ್ಪತ್ರೆಯ ವೈದ್ಯಕೀಯ ಮಂಡಳಿಯ ಮುಂದೆ ಕೂರಬೇಕಾದ್ದರಿಂದ ಇಲ್ಲಿ ಬರೆಯುತ್ತಿಲ್ಲ.

ಈಗ ತಮ್ಮ ಬಳಿಗೇ ಬರುವಂತೆ ಮಾಡಿದ್ದು ಹತ್ತನೇ ತರಗತಿಯ ಒಬ್ಬ ಹುಡುಗನಿಗೆ ಬಂದ ಹಿಂಬರಹ. ಅವನ ಇಡೀ ಕಡತ ಲಗತ್ತು 1ರಲ್ಲಿದೆ. ತಾಯಿಯ ಒಪ್ಪಿಗೆ ಪಡೆದಿದ್ದೇವೆ, ಹೆಸರು ಮರೆಮಾಡಿದ್ದೇವೆ. ಮನೆಮಾತು ಲಂಬಾಣಿ, ಓದಿದ್ದೆಲ್ಲ ಕನ್ನಡ ಮಾಧ್ಯಮ. ಹೊಲದ ಕೂಲಿಯವರ ವಾರದ ಬಟವಾಡೆಯ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುತ್ತಾನೆ ಎಂದು ಅವನ ಗಣಿತದ ಮೇಷ್ಟ್ರು ತಮ್ಮ ಪತ್ರದಲ್ಲಿ ಬರೆದಿದ್ದಾರೆ. ಮಂಡಳಿಯಲ್ಲಿ ಅವನಿಗೆ ಕೊಟ್ಟದ್ದು ಮಿಸಿಕ್, ಅಂದರೆ ಮಾಲಿನ್ ಅವರ ಭಾರತೀಯ ಮಕ್ಕಳ ಬುದ್ಧಿಮತ್ತೆ ಮಾಪಕ. ಪುಸ್ತಿಕೆ ಇಂಗ್ಲಿಷಿನದು. ಪ್ರಶ್ನೆಗಳನ್ನು ಸಿಬ್ಬಂದಿಯೊಬ್ಬರು ಅಲ್ಲೇ ತಮಗೆ ತೋಚಿದ ಕನ್ನಡದಲ್ಲಿ ಕೇಳಿದರು. ಶಾಬ್ದಿಕ ವಿಭಾಗದಲ್ಲಿ 74 ಬಂತು, ಕೃತಿ ವಿಭಾಗದಲ್ಲಿ 94. ಎರಡನ್ನೂ ಕೂಡಿ ಸರಾಸರಿ ತೆಗೆದಾಗ 84. ಹಿಂಬರಹದಲ್ಲಿರುವುದು ಎರಡೇ ಸಾಲು: ಐಕ್ಯೂ 85ರ ಮೇಲಿಲ್ಲ, ಆದ್ದರಿಂದ ಎಸ್‌ಎಲ್‌ಡಿ ಪರೀಕ್ಷೆಗೆ ಅರ್ಹನಲ್ಲ.

ಓದು ಬರಹದ ಪರೀಕ್ಷೆಯನ್ನು ಅವನಿಗೆ ಮಾಡಲೇ ಇಲ್ಲ. ಯಾವ ತೊಂದರೆಗಾಗಿ ಬಂದನೋ ಆ ತೊಂದರೆಯನ್ನು ಯಾರೂ ನೋಡಲಿಲ್ಲ.

2018ರ ಜನವರಿ 4ರ ಕೇಂದ್ರದ ಅಧಿಸೂಚನೆ ಮೊದಲು ಐಕ್ಯೂ, ಅದು 85ರ ಮೇಲಿದ್ದರೆ ಓದು, ಬರಹ, ಗಣಿತ ಅಳೆಯುವ ನಿಮ್ಹಾನ್ಸ್ ಬ್ಯಾಟರಿ ಎಂಬ ಕ್ರಮ ಹಾಕಿತ್ತು. ಅದೇ ಅಧಿಸೂಚನೆಯ ಬೌದ್ಧಿಕ ನ್ಯೂನತೆಯ ಕೋಷ್ಟಕದಲ್ಲಿ 70ರಿಂದ 84ರ ಗಡಿ ವರ್ಗಕ್ಕೆ ಶೇ 25 ಮಾತ್ರ. ಹೀಗಾಗಿ ಈ ಹುಡುಗ ಎಸ್‌ಎಲ್‌ಡಿ ಪಟ್ಟಿಯಲ್ಲೂ ಇಲ್ಲ, ಸೌಲಭ್ಯಗಳಿಗೆ ಬೇಕಾದ ಶೇ 40ರ ಮಾನದಂಡದ ಒಳಗೂ ಇಲ್ಲ. ಸರಾಸರಿ 100, ವಿಚಲನೆ 15 ಎಂಬ ಮಾಪಕದ ಸ್ವಂತ ಲೆಕ್ಕವನ್ನೇ ಹಿಡಿದರೂ 70 ಮತ್ತು 85ರ ನಡುವೆ ನೂರಕ್ಕೆ ಸುಮಾರು 14 ಮಕ್ಕಳು ಬರುತ್ತಾರೆ. ಅವರಲ್ಲಿ ಯಾರಿಗೂ ಡಿಸ್‌ಲೆಕ್ಸಿಯಾ ಇರಲಾರದು ಎಂದು ಯಾವ ವಿಜ್ಞಾನ ಹೇಳಿದೆ? 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಐಕ್ಯೂ ಮತ್ತು ಕಲಿಕೆಯ ನಡುವಿನ ಅಂತರವನ್ನು ಲೆಕ್ಕ ಹಾಕುವ ಹಳೆಯ ಪದ್ಧತಿಯನ್ನೇ ಕೈಬಿಟ್ಟಿತು. ಬೌದ್ಧಿಕ ನ್ಯೂನತೆ ಇಲ್ಲವೆಂದು ಖಚಿತವಾದರೆ ಸಾಕು ಎಂದಿತು. ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಪರಿಷ್ಕೃತ ಮಾರ್ಗಸೂಚಿ ಹೊರಬಿದ್ದ ಮೇಲೂ ಈ ಆಸ್ಪತ್ರೆ ಹಿಂಬರಹ ಕೊಡುತ್ತಿರುವುದು 2018ರ ಮುದ್ರಿತ ನಮೂನೆಯಲ್ಲೇ. ನಾವು ಅಧಿಸೂಚನೆ ಓದಿದ್ದೇವೆ. ಮಂಡಳಿಯ ಸದಸ್ಯರು ಓದಿದ್ದಾರೆಯೇ ಎಂದು ತಾವು ವಿಚಾರಿಸಬೇಕು.

84 ಎಂಬ ಈ ಅಂಕದ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು. ಯಾವ ಬುದ್ಧಿ ಪರೀಕ್ಷೆಯೂ ಒಂದು ಅಂಕದಷ್ಟು ನಿಖರವಲ್ಲ. ಅದೇ ಮಗು ಇನ್ನೊಂದು ದಿನ ಕುಳಿತರೆ ನಾಲ್ಕೈದು ಅಂಕ ಆಚೀಚೆ ಆಗುತ್ತದೆ, ಇದು ಮನಶ್ಶಾಸ್ತ್ರದ ಮೊದಲ ಪಾಠ. ಅದಕ್ಕಿಂತ ಮುಖ್ಯವಾದದ್ದು 74 ಮತ್ತು 94ರ ನಡುವಿನ 20 ಅಂಕಗಳ ಅಂತರ. ಶಾಬ್ದಿಕ ವಿಭಾಗದಲ್ಲಿ ಸಾಮಾನ್ಯ ಜ್ಞಾನ, ಪದಸಂಪತ್ತು, ಗಣಿತ, ಅಂಕಿಗಳನ್ನು ನೆನಪಿಟ್ಟು ಹೇಳುವುದು ಇವೆ. ಓದಲಾಗದ ಮಗುವಿಗೆ ಪದಸಂಪತ್ತು ಮತ್ತು ಸಾಮಾನ್ಯ ಜ್ಞಾನ ವರ್ಷದಿಂದ ವರ್ಷಕ್ಕೆ ಹಿಂದೆ ಬೀಳುತ್ತವೆ ಎಂದು ಮನಶ್ಶಾಸ್ತ್ರಜ್ಞ ಕೀತ್ ಸ್ಟಾನೋವಿಚ್ 1986ರಲ್ಲೇ ವಿವರಿಸಿದ್ದಾರೆ. ಕಲಿಕಾ ನ್ಯೂನತೆಯ ಮಕ್ಕಳು ಸಾಮಾನ್ಯ ಜ್ಞಾನ, ಗಣಿತ, ಸಂಕೇತ ಬರಹ, ಅಂಕಿ ನೆನಪು ಈ ನಾಲ್ಕರಲ್ಲೇ ಹಿಂದುಳಿಯುವುದು ಪಠ್ಯಪುಸ್ತಕಗಳಲ್ಲಿ ದಾಖಲಾದ ಲಕ್ಷಣ. ಅಂದರೆ ನ್ಯೂನತೆಯೇ ಅಂಕವನ್ನು ಕೆಳಗೆ ಎಳೆದಿದೆ, ಆ ಅಂಕವನ್ನೇ ತೋರಿಸಿ ನ್ಯೂನತೆ ಇಲ್ಲ ಎನ್ನಲಾಗಿದೆ. ಆ ಅಂತರ ನೋಡಿದ ಯಾವ ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೂ ಸರಾಸರಿ ತೆಗೆಯುವ ಮೊದಲು ಒಂದು ಕ್ಷಣ ನಿಲ್ಲಬೇಕಿತ್ತು.

ಭಾಷೆಯ ಅನ್ಯಾಯ ಇದರ ಮೇಲಿನದು. ಪ್ರಮಾಣೀಕೃತ ಪರೀಕ್ಷೆ ಎಂದರೆ ಎಲ್ಲ ಮಕ್ಕಳಿಗೂ ಅದೇ ಮಾತು, ಅದೇ ಕ್ರಮ, ಅದೇ ಸಮಯ. ಮಾತು ಬದಲಾದರೆ ಅಂಕಕೋಷ್ಟಕಕ್ಕೆ ಬೆಲೆಯಿಲ್ಲ. ಪರೀಕ್ಷೆಯ ಪ್ರಶ್ನೆಗಳು ಗೋಪ್ಯವಾಗಿರಬೇಕಾದ್ದರಿಂದ ನಾವು ಅವನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಒಂದೇ ಪ್ರಶ್ನೆಯನ್ನು ಮೂರು ಮಕ್ಕಳಿಗೆ ಮೂರು ಬಗೆಯಲ್ಲಿ ಕೇಳಿದ್ದಾರೆ ಎಂಬುದಕ್ಕೆ ಮಕ್ಕಳ ಹೇಳಿಕೆಗಳು ಲಗತ್ತು 2ರಲ್ಲಿವೆ. ಉರ್ದು ಮನೆಮಾತಿನ ಒಬ್ಬ ಹುಡುಗಿ ಎರಡು ಪ್ರಶ್ನೆಗೆ “ಅರ್ಥ ಆಗಲಿಲ್ಲ” ಎಂದಾಗ ಅದನ್ನು ತಪ್ಪು ಉತ್ತರ ಎಂದೇ ಗುರುತು ಹಾಕಲಾಗಿದೆ. ಅವಳು ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟಳು.

ಮಿಸಿಕ್ ಸಿದ್ಧವಾದದ್ದು ನಾಗಪುರದಲ್ಲಿ, 1969ರಲ್ಲಿ. ಅಂಗಡಿಯ ತಕ್ಕಡಿಗಾದರೂ ಕಾಲಕಾಲಕ್ಕೆ ತೂಕ ಮಾಪನದವರು ಬಂದು ಮುದ್ರೆ ಹಾಕುತ್ತಾರೆ. ಹಳೆಯ ಮಾನದಂಡದಿಂದ ಅಂಕ ಕೆಲವೊಮ್ಮೆ ಹೆಚ್ಚೂ ಬರಬಹುದು, ನಾವು ಅದನ್ನು ಅಲ್ಲಗಳೆಯುವುದಿಲ್ಲ. ಹೆಚ್ಚೋ ಕಡಿಮೆಯೋ ತಿಳಿಯದ ಮಾಪಕದ ಒಂದು ಅಂಕಕ್ಕೆ ಮಗುವಿನ ಎಸ್‌ಎಸ್‌ಎಲ್‌ಸಿಯನ್ನು ಕಟ್ಟಿಹಾಕಬೇಡಿ ಎಂಬುದಷ್ಟೇ ನಮ್ಮ ಮಾತು. ಇನ್ನು ನಿಮ್ಹಾನ್ಸ್ ಬ್ಯಾಟರಿಯ ಎರಡನೇ ಹಂತ ಸಿದ್ಧವಾದದ್ದು 8ರಿಂದ 12 ವರ್ಷದ ಮಕ್ಕಳಿಗೆ. ಅದು ಆ ಸಂಸ್ಥೆಯ ತಪ್ಪಲ್ಲ, ಅವರು ಯಾವ ವಯಸ್ಸಿಗೆ ಮಾಡಿದರೋ ಅದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಹದಿನೈದರ ಹುಡುಗರಿಗೆ ಅದನ್ನೇ ಕೊಟ್ಟು “ಎಲ್ಲ ಸರಿ ಇದೆ” ಎಂದು ಬರೆದ ಇನ್ನೆರಡು ಪ್ರಕರಣಗಳು ಲಗತ್ತು 3ರಲ್ಲಿವೆ.

ಕನ್ನಡದಲ್ಲಿ ಪರೀಕ್ಷೆಯೇ ಇಲ್ಲ ಎಂದು ಮಂಡಳಿಯವರು ನಮ್ಮ ಮುಖಕ್ಕೆ ಹೇಳಿದರು. ಈ ಮಾತು ನಮಗೆ ತುಂಬ ನೋವು ಕೊಟ್ಟಿದೆ. ವಿ.ವಿ. ಕಾಮತರು ಧಾರವಾಡದಲ್ಲಿ 1930ರ ದಶಕದಲ್ಲೇ ಬಿನೆ ಬುದ್ಧಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಇವತ್ತಿಗೂ ದೇಶದ ಎಷ್ಟೋ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆ ಹುಟ್ಟಿದ್ದು ಈ ನೆಲದಲ್ಲಿ. ಭಾರತೀಯ ಭಾಷೆಗಳಿಗೆ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಸಿದ್ಧಪಡಿಸಿದ ಡಾಲಿ ಎಂಬ ಡಿಸ್‌ಲೆಕ್ಸಿಯಾ ಪರೀಕ್ಷಾ ಸಾಧನದಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್ ಜೊತೆಗೆ ಕನ್ನಡವೂ ಇದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದ ಬಳ್ಳಾರಿಯ ಪ್ರಯೋಗ. ಇಷ್ಟೆಲ್ಲ ಇರುವ ರಾಜ್ಯದಲ್ಲಿ ಕನ್ನಡದ ಮಗುವಿಗೆ ಕನ್ನಡದಲ್ಲಿ ಪರೀಕ್ಷೆ ಇಲ್ಲ ಎಂದರೆ ಅದು ಸಾಧನದ ಕೊರತೆಯಲ್ಲ, ತರಿಸಿಕೊಳ್ಳುವ ಮನಸ್ಸಿನ ಕೊರತೆ.

ಆದ್ದರಿಂದ ಕಲಂ 80ರ ಅಡಿ ತಾವು ಈ ಪ್ರಕರಣಗಳನ್ನು ದಾಖಲಿಸಿಕೊಂಡು ವಿಚಾರಣೆ ನಡೆಸಬೇಕು ಎಂದು ಕೋರುತ್ತೇವೆ. ಲಗತ್ತುಗಳಲ್ಲಿರುವ ಎಲ್ಲ ಮಕ್ಕಳಿಗೂ ಮೇಲೆ ಹೇಳಿದ ಮೂರು ಸಂಸ್ಥೆಗಳಲ್ಲಿ ಒಂದರಲ್ಲಿ, ಅವರು ಓದಿದ ಭಾಷೆಯಲ್ಲಿ, ಸರ್ಕಾರದ ಖರ್ಚಿನಲ್ಲಿ ಮರುಪರೀಕ್ಷೆ ಆಗಬೇಕು. ಐಕ್ಯೂ ಅಂಕ 85ಕ್ಕಿಂತ ಕೆಳಗಿದೆ ಎಂಬ ಕಾರಣ ಮಾತ್ರದಿಂದ ಓದು, ಬರಹ, ಗಣಿತದ ಪರೀಕ್ಷೆ ನಿರಾಕರಿಸಕೂಡದು ಎಂದು ರಾಜ್ಯದ ಎಲ್ಲ ವೈದ್ಯಕೀಯ ಮಂಡಳಿಗಳಿಗೆ ಸುತ್ತೋಲೆ ಹೋಗಬೇಕು. ಶಾಬ್ದಿಕ ಮತ್ತು ಕೃತಿ ವಿಭಾಗಗಳ ನಡುವೆ ದೊಡ್ಡ ಅಂತರವಿದ್ದಾಗ ಸರಾಸರಿ ಹಿಡಿಯಬಾರದು. ಯಾವ ಪರೀಕ್ಷೆ, ಯಾವ ಭಾಷೆ, ಉಪವಿಭಾಗಗಳ ಅಂಕವೆಷ್ಟು ಎಂಬುದು ಹಿಂಬರಹದಲ್ಲೇ ನಮೂದಾಗಬೇಕು. ಇಲ್ಲದಿದ್ದರೆ ಕಲಂ 59ರ ಮೇಲ್ಮನವಿಯನ್ನು ಪಾಲಕರು ಯಾವುದರ ಮೇಲೆ ಬರೆಯಬೇಕು?

ಪ್ರಮಾಣಪತ್ರಕ್ಕೆ 2017ರ ನಿಯಮಗಳಲ್ಲಿ ಒಂದು ತಿಂಗಳು ಎಂದಿತ್ತು, 2024ರ ತಿದ್ದುಪಡಿ ಅದನ್ನು ಮೂರು ತಿಂಗಳಿಗೆ ಹಿಗ್ಗಿಸಿತು. ಈ ಮೂರು ತಿಂಗಳಲ್ಲಿ ಪರೀಕ್ಷಾ ಮಂಡಳಿಯ ನೋಂದಣಿ ಮುಗಿದುಹೋಗುತ್ತದೆ. ಹಾಗಾಗಿ ಪ್ರಮಾಣಪತ್ರ ಬಾಕಿ ಇರುವ ಮಕ್ಕಳಿಗೆ ಶಾಲೆಯ ಮುಖ್ಯಸ್ಥರ ದೃಢೀಕರಣದ ಮೇಲೆ ತಾತ್ಕಾಲಿಕವಾಗಿ ಹೆಚ್ಚುವರಿ ಸಮಯ ಮತ್ತು ಲಿಪಿಕಾರರನ್ನು ಕೊಡಬೇಕು. ಶೇ 40ರಷ್ಟು ನ್ಯೂನತೆ ಇಲ್ಲದವರಿಗೂ ಲಿಪಿಕಾರರ ಹಕ್ಕಿದೆ ಎಂದು ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲೇ ಹೇಳಿದೆ. ಡಿಸ್‌ಗ್ರಾಫಿಯಾ (ಬರಹದ ನ್ಯೂನತೆ) ಇದ್ದ ನೀಟ್ ಅಭ್ಯರ್ಥಿಗೆ ಹೆಚ್ಚುವರಿ ಒಂದು ಗಂಟೆ ಕೊಡದಿದ್ದುದು ತಪ್ಪು ಎಂದು ಅದೇ ವರ್ಷದ ನವೆಂಬರ್‌ನಲ್ಲಿ ಅವನಿ ಪ್ರಕಾಶ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಈ ಸೌಲಭ್ಯ ಕಳೆದ ಸಾಲಿನಲ್ಲಿ ತಿರಸ್ಕೃತರಾಗಿ ಈಗ ದ್ವಿತೀಯ ಪಿಯುಸಿಯಲ್ಲಿರುವ ನಮ್ಮ ಸದಸ್ಯರ ಮಕ್ಕಳಿಗೂ ಅನ್ವಯವಾಗಬೇಕು, ಎರಡನೇ ಭಾಷೆಯ ವಿನಾಯಿತಿ ಸಮೇತ.

ಇನ್ನು ಕೆಲವು ವಿಷಯಗಳು. ಮಂಡಳಿ ಕೂರುವ ದಿನ ನೂರಾರು ಜನ ಸೇರುತ್ತಾರೆ, ಕುಡಿಯುವ ನೀರಿಲ್ಲ, ಮಕ್ಕಳಿಗೆ ಕೂರಲು ಜಾಗವಿಲ್ಲ. ಗದ್ದಲದ ಕಾರಿಡಾರಿನಲ್ಲಿ ಗಮನದ ಪರೀಕ್ಷೆ ನಡೆಯುತ್ತದೆ. ಯುಡಿಐಡಿ ಅರ್ಜಿಯಲ್ಲಿ ತಪ್ಪಾದ ಹೆಸರು ತಿದ್ದಿಸಲು ತಿಂಗಳುಗಟ್ಟಲೆ ಅಲೆಯಬೇಕಾಗಿದೆ. ಮರುಪರೀಕ್ಷೆಗೆ ಹೋಗಿಬರುವ ಮಗು ಮತ್ತು ಜೊತೆಗಾರರಿಗೆ ಬಸ್ ಪಾಸ್ ಒದಗಿಸಬೇಕು. ಶಾಲೆಗಳಲ್ಲಿ ಮೂರನೇ ತರಗತಿಯ ಹೊತ್ತಿಗೆ ಆಗಬೇಕಾದ ತಪಾಸಣೆ ನಮ್ಮ ತಾಲೂಕುಗಳಲ್ಲಿ ಕಾಗದದ ಮೇಲೆ ಮಾತ್ರ ಇದೆ.

ಎಸ್‌ಎಲ್‌ಡಿ ಮಂಡಳಿಯಲ್ಲಿ ವಿಶೇಷ ಶಿಕ್ಷಕರ ಸ್ಥಾನ ಬಹಳ ಕಾಲದಿಂದ ಖಾಲಿ ಬಿದ್ದಿದೆ. ನಮ್ಮ ಪಾಲಕರಲ್ಲೇ ಇಬ್ಬರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ವಿಶೇಷ ಶಿಕ್ಷಕಿಯರು, ಕನ್ನಡ ಮತ್ತು ಉರ್ದು ಎರಡೂ ಬಲ್ಲವರು. ಗೌರವಧನದ ಆಧಾರದಲ್ಲಿ ಅವರ ಸೇವೆ ಪಡೆಯುವುದನ್ನು ಪರಿಗಣಿಸಬಹುದು, ತಮ್ಮ ಸ್ವಂತ ಮಕ್ಕಳ ಪ್ರಕರಣದಲ್ಲಿ ಅವರು ಕೂರುವುದಿಲ್ಲ. ಹಾಗೆಯೇ ಇಂಥ ಮಕ್ಕಳ ಆರೈಕೆ ಮಾಡುವ ಸರ್ಕಾರಿ ಶಾಲಾ ಶಿಕ್ಷಕ ಪಾಲಕರಿಗೆ ಮುಂಬರುವ ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ವಿನಾಯಿತಿ ನೀಡುವಂತೆ ಶಿಕ್ಷಣ ಇಲಾಖೆಗೆ ತಾವು ಶಿಫಾರಸು ಮಾಡಬೇಕು. ಸಂಜೆ ಮಗುವಿನ ಪಕ್ಕ ಕೂತು ಪಾಠ ಓದಿ ಹೇಳುವವರೇ ಬೇರೆ ತಾಲೂಕಿಗೆ ಹೋದರೆ ಆ ಮಗುವಿಗೆ ಓದಿ ಹೇಳುವವರು ಯಾರೂ ಉಳಿಯುವುದಿಲ್ಲ.

ತಮ್ಮ ಶಿಫಾರಸಿನ ಮೇಲೆ ಕ್ರಮ ಕೈಗೊಂಡು ಮೂರು ತಿಂಗಳೊಳಗೆ ತಿಳಿಸಬೇಕೆಂದು ಕಲಂ 81 ಸಂಬಂಧಪಟ್ಟ ಪ್ರಾಧಿಕಾರಕ್ಕೆ ಹೇಳುತ್ತದೆ. ನಮ್ಮ ಹುಡುಗನ ಪರೀಕ್ಷೆ ಅದಕ್ಕಿಂತ ಮೊದಲು ಬರುತ್ತದೆ. ಆದ್ದರಿಂದ ಈ ಮನವಿಯನ್ನು ಇನ್ನೊಮ್ಮೆ ಅದೇ ಆಸ್ಪತ್ರೆಗೆ ರವಾನಿಸದೆ, ನೋಂದಣಿಯ ಕೊನೆಯ ದಿನಾಂಕಕ್ಕೆ ಮುಂಚೆ ವಿಚಾರಣೆಯ ದಿನ ಗೊತ್ತುಪಡಿಸಿ, ಪಾಲಕರನ್ನು ಮತ್ತು ಆ ಮಂಡಳಿಯ ಅಧ್ಯಕ್ಷರನ್ನು ಒಂದೇ ದಿನ ಎದುರುಬದುರಾಗಿ ಕರೆಸಬೇಕೆಂದು ಪ್ರಾರ್ಥಿಸುತ್ತೇವೆ. ವಿಚಾರಣೆಗೆ ಬರುವ ಪ್ರಯಾಣದ ಖರ್ಚನ್ನು ನಾವೇ ಭರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕಲಿಕಾ ನ್ಯೂನತೆಯುಳ್ಳ ಮಕ್ಕಳ ಪಾಲಕರು
(ಸಹಿಗಳು ಪ್ರತ್ಯೇಕ ಹಾಳೆಗಳಲ್ಲಿ)

ಪ್ರತಿಗಳು: ಪ್ರಧಾನ ಕಾರ್ಯದರ್ಶಿಗಳು, ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಅಧ್ಯಕ್ಷರು, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ, ಜಿಲ್ಲಾಧಿಕಾರಿಗಳು.