ಹಲ್ಕ್ ಬೆಳೆದಾಗ ಅಂಗಿ ಹರಿಯುತ್ತದೆ, ಪ್ಯಾಂಟ್ ಯಾಕೆ ಹರಿಯುವುದಿಲ್ಲ?

ವಾಟ್ಸ್‌ಆ್ಯಪ್‌ನಲ್ಲಿ ಇಂಥದ್ದೊಂದು ಚಿತ್ರ ನಿಮಗೂ ಬಂದಿರಬಹುದು. ಎಡಗಡೆ ಒಬ್ಬ ಹುಡುಗ, ಪ್ಯಾಂಟ್ ಪಾದದವರೆಗೂ ಇದೆ. ಬಲಗಡೆ ಅದೇ ಹುಡುಗ, ಅದೇ ಪ್ಯಾಂಟ್, ಆದರೆ ಮೇಲೇರಿ ಕಣಕಾಲು ಕಾಣುತ್ತಿದೆ. ಕೆಳಗೆ ಒಂದು ಪುಡಿ ಡಬ್ಬಿ, "ಮೂರೇ ತಿಂಗಳಲ್ಲಿ ನಾಲ್ಕು ಇಂಚು ಎತ್ತರ" ಎಂಬ ಬರಹ.

ಚಿತ್ರ ನೋಡಿದ ತಕ್ಷಣ "ಅಬ್ಬಾ, ಎಷ್ಟು ಬೆಳೆದಿದ್ದಾನೆ" ಅನ್ನಿಸುತ್ತದೆ. ಆದರೆ ಒಂದು ಕ್ಷಣ ಯೋಚಿಸಿ. ನೀವು ಹುಡುಗನ ಎತ್ತರವನ್ನು ನೋಡಲೇ ಇಲ್ಲ. ನೋಡಿದ್ದು ಪ್ಯಾಂಟನ್ನು.

ಇದು ಹೊಸ ಉಪಾಯವೇನಲ್ಲ. ಪಾತ್ರವೊಂದು ದಿಢೀರನೆ ಬೆಳೆಯುವ ದೃಶ್ಯ ಬಂದಾಗಲೆಲ್ಲ ಸಿನಿಮಾ ಮತ್ತು ಕಾಮಿಕ್ಸ್ ಮಾಡುವವರು ಇದನ್ನೇ ಬಳಸುತ್ತಾರೆ. ಅವರು ಬಟ್ಟೆಯನ್ನು ಹೇಗೆ ಆರಿಸುತ್ತಾರೆ ಎಂದು ತಿಳಿದರೆ, ಇಂಥ ಫಾರ್ವರ್ಡ್‌ಗಳು ನಮ್ಮನ್ನು ಹೇಗೆ ನಂಬಿಸುತ್ತವೆ ಎಂಬುದೂ ತಿಳಿಯುತ್ತದೆ.

ಬಟ್ಟೆಯೇ ಅಳತೆಗೋಲು

ಪರದೆಯ ಮೇಲೆ ಅಳತೆಪಟ್ಟಿ ಇರುವುದಿಲ್ಲ. ಒಬ್ಬ ಮನುಷ್ಯನನ್ನು ದೊಡ್ಡದಾಗಿ ತೋರಿಸಿದರೆ ಕ್ಯಾಮೆರಾ ಹತ್ತಿರ ಬಂದಿದೆ ಎಂದಷ್ಟೇ ಅನ್ನಿಸುತ್ತದೆ. ಅವನು ಬೆಳೆದಿದ್ದಾನೆ ಎಂದು ಹೇಳಲು ಪಕ್ಕದಲ್ಲಿ ಬೆಳೆಯದ ಇನ್ನೊಂದು ವಸ್ತು ಬೇಕು.

ನಮ್ಮ ಶಿಲ್ಪಿಗಳಿಗೆ ಇದು ಗೊತ್ತಿತ್ತು. ಬಾದಾಮಿಯ ಎರಡನೇ ಗುಹೆಯಲ್ಲಿ ಒಂದು ಕಾಲನ್ನು ಆಕಾಶಕ್ಕೆತ್ತಿದ ತ್ರಿವಿಕ್ರಮನಿದ್ದಾನೆ. ಅಲ್ಲೇ ಕೊಡೆ ಹಿಡಿದ ಪುಟ್ಟ ವಾಮನನೂ ಇದ್ದಾನೆ. ಆ ಪುಟ್ಟ ಆಕೃತಿ ಪಕ್ಕದಲ್ಲಿರುವುದರಿಂದಲೇ ದೊಡ್ಡದು ದೊಡ್ಡದಾಗಿ ಕಾಣುತ್ತದೆ.

ಸಿನಿಮಾದಲ್ಲಿ ಈ ಕೆಲಸವನ್ನು ಬಟ್ಟೆ ಮಾಡುತ್ತದೆ. 1988ರ 'ಬಿಗ್' ಚಿತ್ರದಲ್ಲಿ ಹುಡುಗನೊಬ್ಬ ರಾತ್ರಿ ಬೆಳಗಾಗುವುದರೊಳಗೆ ದೊಡ್ಡವನಾಗುತ್ತಾನೆ. ದೊಡ್ಡವನ ಪಾತ್ರ ಮಾಡಿದವರು ಟಾಮ್ ಹ್ಯಾಂಕ್ಸ್. ಕೊನೆಯಲ್ಲಿ ಅವನು ಮತ್ತೆ ಹುಡುಗನಾಗಿ, ದೊಡ್ಡವರ ಸೂಟಿನೊಳಗೆ ಮುಳುಗಿಹೋದಂತೆ ಮನೆಯತ್ತ ನಡೆಯುತ್ತಾನೆ. ಏನಾಯಿತೆಂದು ಯಾರೂ ವಿವರಿಸಬೇಕಿಲ್ಲ. ಜೋತುಬಿದ್ದ ತೋಳು ಎಲ್ಲವನ್ನೂ ಹೇಳುತ್ತದೆ.

ಹಾಗಾದರೆ ಹಲ್ಕ್‌ನ ಪ್ಯಾಂಟ್?

ಸ್ಟಾನ್ ಲೀ ಮತ್ತು ಜಾಕ್ ಕರ್ಬಿ ಸೃಷ್ಟಿಸಿದ ಹಲ್ಕ್ ಮೊದಲು ಕಾಣಿಸಿಕೊಂಡದ್ದು 1962ರಲ್ಲಿ. ವಿಜ್ಞಾನಿ ಬ್ಯಾನರ್ ರಾಕ್ಷಸ ಗಾತ್ರಕ್ಕೆ ಬೆಳೆದಾಗ ಅಂಗಿ ಚಿಂದಿಯಾಗುತ್ತದೆ, ಪ್ಯಾಂಟ್ ಮಾತ್ರ ಸೊಂಟದಲ್ಲೇ ಉಳಿಯುತ್ತದೆ. ಅದನ್ನು ನೋಡಿ ನಗದವರಿಲ್ಲ.

ಇದಕ್ಕೆ ವಿಜ್ಞಾನದ ಕಾರಣವಿಲ್ಲ. ಆಗ ಅಮೆರಿಕದ ಕಾಮಿಕ್ಸ್‌ಗಳಿಗೆ 1954ರಲ್ಲಿ ಬಂದ ಒಂದು ನೀತಿಸಂಹಿತೆ ಇತ್ತು. ಅದರ ಪ್ರಕಾರ ನಗ್ನತೆಯನ್ನು ತೋರಿಸುವಂತಿರಲಿಲ್ಲ. ಓದುವವರಲ್ಲಿ ಮಕ್ಕಳೇ ಹೆಚ್ಚು. ಹಾಗಾಗಿ ಪ್ಯಾಂಟ್ ಉಳಿಯಲೇಬೇಕಿತ್ತು. ಚಿತ್ರಕಾರರಿಗೆ ಒಂದು ಅನುಕೂಲವೂ ಇತ್ತು. ಹಲ್ಕ್ ಬೆಳೆಯುವುದು ಹೆಚ್ಚಾಗಿ ಭುಜ, ಎದೆ, ತೋಳುಗಳಲ್ಲಿ. ಸೊಂಟವನ್ನು ಸಣ್ಣದಾಗಿ ಬಿಡಿಸಿದರೆ ಕಣ್ಣು ಒಪ್ಪಿಕೊಂಡುಬಿಡುತ್ತದೆ.

1970ರ ದಶಕದ ಕೊನೆಯ ಟಿವಿ ಸರಣಿಯಲ್ಲಿ ಇಬ್ಬರು ನಟರಿದ್ದರು. ಸಾಮಾನ್ಯ ಮನುಷ್ಯನಾಗಿ ಬಿಲ್ ಬಿಕ್ಸ್‌ಬಿ, ಹಲ್ಕ್ ಆಗಿ ದೇಹದಾರ್ಢ್ಯ ಪಟು ಲೂ ಫೆರಿಗ್ನೊ. ಬೆನ್ನಿನ ಹೊಲಿಗೆ ಬಿರಿಯುವುದನ್ನು ಹತ್ತಿರದಿಂದ ತೋರಿಸಿದರೆ ಸಾಕು, ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದದ್ದು ಬೆಳವಣಿಗೆಯಾಗಿ ಕಾಣುತ್ತದೆ. 2008ರ ಚಿತ್ರದಲ್ಲಂತೂ ಬ್ಯಾನರ್ ಮಾರುಕಟ್ಟೆಯಲ್ಲಿ ಹಿಗ್ಗುವ ಪ್ಯಾಂಟ್ ಕೇಳುತ್ತಾನೆ. ಹಳೆಯ ಪ್ರಶ್ನೆಗೆ ಚಿತ್ರ ತಂಡವೇ ನಗುತ್ತಾ ಕೊಟ್ಟ ಉತ್ತರ ಅದು.

ಲೆಕ್ಕ ಏನು ಹೇಳುತ್ತದೆ?

70 ಕಿಲೋ ತೂಗುವ ಒಬ್ಬ ಮನುಷ್ಯ ಎಲ್ಲ ದಿಕ್ಕಿನಲ್ಲೂ ಸಮನಾಗಿ ಎರಡು ಪಟ್ಟು ಬೆಳೆದ ಎಂದುಕೊಳ್ಳಿ. ಎತ್ತರ 2 ಪಟ್ಟು. ಮೈ ಮುಚ್ಚಲು ಬೇಕಾದ ಬಟ್ಟೆ 4 ಪಟ್ಟು. ತೂಕ 8 ಪಟ್ಟು, ಅಂದರೆ 560 ಕಿಲೋ. ಎರಡೂವರೆ ಮೀಟರ್‌ನಲ್ಲಿ ಮುಗಿಯುತ್ತಿದ್ದ ಅಂಗಿಗೆ ಈಗ ಹತ್ತು ಮೀಟರ್ ಬೇಕು.

ಮೂಳೆಯ ಅಡ್ಡಗಾತ್ರ 4 ಪಟ್ಟು ಹೆಚ್ಚುತ್ತದೆ, ಹೊರಬೇಕಾದ ಭಾರ 8 ಪಟ್ಟು. ಅಂದರೆ ಮೂಳೆಯ ಮೇಲಿನ ಒತ್ತಡ ಎರಡರಷ್ಟು. ಗೆಲಿಲಿಯೊ 1638ರಲ್ಲೇ ತನ್ನ ಪುಸ್ತಕದಲ್ಲಿ ಇದನ್ನು ವಿವರಿಸಿದ್ದ. ಇನ್ನೊಂದು ಪ್ರಶ್ನೆ, ಹೆಚ್ಚಾದ 490 ಕಿಲೋ ಎಲ್ಲಿಂದ ಬಂತು? ಸಿಟ್ಟಿನಿಂದ ಮಾಂಸ ಹುಟ್ಟುವುದಿಲ್ಲ.

ಬಟ್ಟೆ ಮೊದಲು ಎಲ್ಲಿ ಹರಿಯುತ್ತದೆ?

ನೇಯ್ದ ಹತ್ತಿ ಬಟ್ಟೆ ಹೆಚ್ಚು ಹಿಗ್ಗುವುದಿಲ್ಲ. ಟೀ ಶರ್ಟ್ ಹಿಗ್ಗುತ್ತದೆ, ಯಾಕೆಂದರೆ ಅದು ಸ್ವೆಟರ್‌ನಂತೆ ಕುಣಿಕೆ ಕುಣಿಕೆಯಾಗಿ ಹೆಣೆದದ್ದು. ಸ್ಪ್ಯಾಂಡೆಕ್ಸ್ ಎಂಬ ರಬ್ಬರಿನಂಥ ನೂಲನ್ನು 1958ರಲ್ಲಿ ಡ್ಯುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ರೂಪಿಸಿದರು. ಆ ನೂಲು ಒಂದೇ ಇದ್ದರೆ ಐದು ಪಟ್ಟು ಎಳೆದರೂ ತಡೆಯುತ್ತದೆ. ಆದರೆ ಜೀನ್ಸ್‌ನಲ್ಲಿ ಅದನ್ನು ಬೆರೆಸುವುದು ಸ್ವಲ್ಪವೇ. 80 ಸೆಂ.ಮೀ. ಸೊಂಟದ ಜೀನ್ಸ್ 160 ಸೆಂ.ಮೀ. ಆಗುವುದಿಲ್ಲ.

ಬಿಗಿಯಾದಾಗ ಮೊದಲು ಹೋಗುವುದು ಬಟ್ಟೆಗಿಂತ ಹೆಚ್ಚಾಗಿ ಗುಂಡಿ, ಆಮೇಲೆ ಕಂಕುಳ ಮತ್ತು ಬೆನ್ನಿನ ಹೊಲಿಗೆ. ಅರಿವೆ ಅಂಗಡಿಯವರು ಕತ್ತರಿಯಿಂದ ಒಂದು ಚಿಕ್ಕ ಗೀರು ಹಾಕಿ ಸರ್ರನೆ ಬಟ್ಟೆ ಹರಿಯುವುದನ್ನು ನೋಡಿದ್ದೀರಲ್ಲ? ಎಳೆತವೆಲ್ಲ ಆ ಗೀರಿನ ತುದಿಯಲ್ಲಿ ಸೇರುತ್ತದೆ. ಸಿನಿಮಾದ ವಸ್ತ್ರ ವಿಭಾಗದವರೂ ಹೊಲಿಗೆಯನ್ನು ಮೊದಲೇ ಸಡಿಲ ಮಾಡಿ, ಅಲ್ಲಲ್ಲಿ ಕತ್ತರಿಸಿ ಇಟ್ಟಿರುತ್ತಾರೆ. ಒಂದೇ ಥರದ ಹಲವು ಅಂಗಿಗಳೂ ಸಿದ್ಧ ಇರುತ್ತವೆ.

ಪಂಚೆ ಉಟ್ಟ ಪಾತ್ರವಾದರೆ? ಎರಡು ಪಟ್ಟು ಬೆಳೆದರೂ ಹರಿಯುವುದಿಲ್ಲ. ಗಂಟು ಸಡಿಲಿಸಿದರೆ ಎರಡು ಸುತ್ತು ಬರುತ್ತಿದ್ದದ್ದು ಒಂದು ಸುತ್ತು ಬರುತ್ತದೆ, ಪಾದದವರೆಗೆ ಇದ್ದದ್ದು ಮೊಣಕಾಲಿಗೆ ನಿಲ್ಲುತ್ತದೆ. ಕಿರುಚಿತ್ರ ಮಾಡುವವರಿಗೆ ಇದು ಉಪಯೋಗದ ಮಾತು. ಮಾಂಸಖಂಡ ಉಬ್ಬುವುದನ್ನು ತೋರಿಸಬೇಕಾದರೆ ಗುಂಡಿಯಿರುವ, ಭುಜಕ್ಕೆ ಸರಿಯಾಗಿ ಕೂರುವ ಅಂಗಿ ಬೇಕು. ಎತ್ತರ ತೋರಿಸಬೇಕಾದರೆ ಉದ್ದ ತೋಳು, ಉದ್ದ ಪ್ಯಾಂಟ್.

ನಿಜವಾದ ಬೆಳವಣಿಗೆ ಹೇಗಿರುತ್ತದೆ?

"ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಇರಲಿ" ಎಂದು ಸಮವಸ್ತ್ರ ಹೊಲಿಸಿದ ಎಲ್ಲ ತಾಯಂದಿರಿಗೂ ಇದು ಗೊತ್ತು. ಶಾಲೆಗೆ ಹೋಗುವ ವಯಸ್ಸಿನ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತದೆ. ಹದಿಹರೆಯದಲ್ಲಿ ವೇಗ ಹೆಚ್ಚುತ್ತದೆ. ಅತಿ ವೇಗದ ವರ್ಷದಲ್ಲಿ ಹುಡುಗರು ಸುಮಾರು 9ರಿಂದ 10 ಸೆಂ.ಮೀ. ಬೆಳೆಯಬಹುದು, ಹುಡುಗಿಯರು ಸ್ವಲ್ಪ ಕಡಿಮೆ. ಅಂದರೆ ಇಡೀ ವರ್ಷಕ್ಕೆ ನಾಲ್ಕು ಇಂಚಿನ ಆಸುಪಾಸು. ಫಾರ್ವರ್ಡ್ ಹೇಳುವುದು ಮೂರು ತಿಂಗಳಲ್ಲಿ ನಾಲ್ಕು ಇಂಚು!

ಈ ಬೆಳವಣಿಗೆಗೆ ಒಂದು ಕ್ರಮವೂ ಇದೆ. ಮೊದಲು ಪಾದ ಬೆಳೆಯುತ್ತದೆ, ಆಮೇಲೆ ಕಾಲು, ಕೊನೆಗೆ ಮುಂಡ. ಅದಕ್ಕೇ ಮೊದಲು ಬಿಗಿಯಾಗುವುದು ಶೂ, ಆಮೇಲೆ ಗಿಡ್ಡವಾಗುವುದು ಪ್ಯಾಂಟ್, ಕೊನೆಗೆ ಹಿಡಿಯುವುದು ಅಂಗಿ. ಮೂಳೆಯ ತುದಿಯ ಬೆಳವಣಿಗೆ ಫಲಕಗಳು ಹದಿಹರೆಯದ ಕೊನೆಗೆ ಮುಚ್ಚಿಕೊಂಡ ಮೇಲೆ ಯಾವ ಪುಡಿಯೂ ಎತ್ತರ ಹೆಚ್ಚಿಸುವುದಿಲ್ಲ.

ಅತಿಯಾದ ಬೆಳವಣಿಗೆ ವರವೂ ಅಲ್ಲ. ಅಮೆರಿಕದ ರಾಬರ್ಟ್ ವಾಡ್ಲೊ ದಾಖಲಾದ ಅತಿ ಎತ್ತರದ ಮನುಷ್ಯ, 2.72 ಮೀಟರ್. ಪಿಟ್ಯುಟರಿ ಗ್ರಂಥಿಯ ತೊಂದರೆಯಿಂದ ಅವರ ಬೆಳವಣಿಗೆ ನಿಲ್ಲಲೇ ಇಲ್ಲ. ನಡೆಯಲು ಕಾಲಿಗೆ ಲೋಹದ ಆಧಾರಪಟ್ಟಿ ಬೇಕಿತ್ತು. ಆ ಪಟ್ಟಿ ಉಜ್ಜಿ ಎದ್ದ ಬೊಬ್ಬೆ ಸೋಂಕಾಗಿ, 1940ರಲ್ಲಿ 22ನೇ ವಯಸ್ಸಿಗೆ ತೀರಿಕೊಂಡರು. ಕಥೆಯಲ್ಲಿ ಬೆಳೆದ ಮೈಗೆ ಅಂಗಿ ಹರಿಯುತ್ತದೆ, ಅಷ್ಟೇ. ನಿಜದಲ್ಲಿ ತೊಟ್ಟದ್ದೇ ಮೈಯನ್ನು ಗಾಯ ಮಾಡಿತು.

ಫಾರ್ವರ್ಡ್ ಮಾಡುವ ಮುನ್ನ

ಚಿತ್ರದಲ್ಲಿ ಬಟ್ಟೆಯನ್ನು ಬಿಟ್ಟು ಬೇರೆ ಅಳತೆ ಇದೆಯೇ ನೋಡಿ. ಬಾಗಿಲು, ಗೋಡೆಯ ಗೆರೆ, ಪಕ್ಕದಲ್ಲಿ ನಿಂತ ಮನುಷ್ಯ? ಇಲ್ಲವಾದರೆ ನಂಬಬೇಡಿ. ಪ್ಯಾಂಟನ್ನು ಮೇಲಕ್ಕೆಳೆದು ಕಟ್ಟಿದರೂ ಗಿಡ್ಡವಾಗುತ್ತದೆ. ಹತ್ತಿ ಬಟ್ಟೆ ಒಗೆದರೂ ಕುಗ್ಗುತ್ತದೆ. ಅದೇ ಬಣ್ಣದ ಚಿಕ್ಕ ಸೈಜ್ ಅಂಗಡಿಯಲ್ಲಿ ಸಿಗುತ್ತದೆ.

ಮಗುವಿನ ಎತ್ತರದ ಬಗ್ಗೆ ಚಿಂತೆಯಿದ್ದರೆ ಶೂ ಬಿಚ್ಚಿಸಿ, ಗೋಡೆಗೆ ಒರಗಿಸಿ, ತಲೆಯ ಮೇಲೆ ಪುಸ್ತಕವಿಟ್ಟು ಗೆರೆ ಎಳೆಯಿರಿ. ಆರು ತಿಂಗಳ ಬಳಿಕ ಅದೇ ಹೊತ್ತಿನಲ್ಲಿ ಮತ್ತೆ ಅಳೆಯಿರಿ, ಯಾಕೆಂದರೆ ಬೆಳಗ್ಗೆಗಿಂತ ಸಂಜೆ ನಾವೆಲ್ಲ ಸುಮಾರು ಒಂದು ಸೆಂ.ಮೀ. ಗಿಡ್ಡವಿರುತ್ತೇವೆ. ಎರಡು ವರ್ಷವಾದರೂ ಸಮವಸ್ತ್ರ ಗಿಡ್ಡವೇ ಆಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ದೊಡ್ಡವರಲ್ಲಿ ಉಂಗುರ, ಚಪ್ಪಲಿ ಬರಬರುತ್ತಾ ಬಿಗಿಯಾಗುತ್ತಿದ್ದರೆ, ಪಾದ ಊದುತ್ತಿದ್ದರೆ, ಅದನ್ನೂ ತೋರಿಸಿ. ಪುಡಿ ತಿನ್ನಿಸುತ್ತಾ ಕಾದರೆ ಹಣದ ಜೊತೆಗೆ ಚಿಕಿತ್ಸೆ ಫಲಿಸುವ ವಯಸ್ಸೂ ಕಳೆದುಹೋಗಬಹುದು.

ಹಲ್ಕ್‌ನ ಪ್ಯಾಂಟ್ ನೋಡಿ ನಗೋಣ, ಅದು ಕಥೆ. ಡಬ್ಬಿಯ ಮೇಲಿನ ಹುಡುಗನ ಪ್ಯಾಂಟ್ ನೋಡಿ ದುಡ್ಡು ಕೊಡುವುದು ಬೇಡ.