ನಡುಕಕ್ಕೆ ನಾಚಿಕೆಯೇಕೆ?

ಈಚೆಗೆ ದೊಡ್ಡಬಳ್ಳಾಪುರದ ಆರೋಗ್ಯ ಶಿಬಿರವೊಂದಕ್ಕೆ ನಮ್ಮ ಬೀದಿಯ ಹಿರಿಯ ನೇಕಾರರೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅಚ್ಚಾದ ಪ್ರಶ್ನಾವಳಿಯನ್ನು ಹಿಡಿದಿದ್ದ ಹುಡುಗ ಓದಿದ: “ಅನೈಚ್ಛಿಕ ಕಂಪನ ಉಂಟೆ?” ತಾತ ತುಸು ಯೋಚಿಸಿ, “ಅಂಥಾದ್ದೇನೂ ಇಲ್ಲಪ್ಪ” ಎಂದರು. ಹುಡುಗ ‘ಇಲ್ಲ’ ಎಂದು ಗುರುತು ಹಾಕಿದ. ಅವರ ಬಲಗೈ ಆಗಲೂ ತೊಡೆಯ ಮೇಲೆ ನಡುಗುತ್ತಲೇ ಇತ್ತು.

“ಕೈ ನಡುಗುತ್ತದೆಯೇ ಎಂದು ಕೇಳಪ್ಪ” ಎಂದೆ.

“ಅದಾ? ಎರಡು ವರ್ಷದಿಂದ ನಡುಗ್ತದೆ. ಹರಿದ ಎಳೆ ಗಂಟು ಹಾಕೋಕಾಗಲ್ಲ” ಎಂದರು ತಾತ.

ಈ ಸಂಗತಿಯನ್ನು ಕೇಳಿದ ವಿದ್ವಾಂಸ ಮಿತ್ರರೊಬ್ಬರು, ‘ನಡುಕ’ ಬರಿಯ ಆಡುಮಾತು, ಶಾಸ್ತ್ರಕ್ಕೆ ‘ಕಂಪನ’ವೇ ಸರಿ ಎಂದು ತೀರ್ಪಿತ್ತರು. ಸಾಲದುದಕ್ಕೆ, ನಡು ಅಲುಗುವುದರಿಂದ ‘ನಡುಗು’ ಎಂಬ ವ್ಯುತ್ಪತ್ತಿಯನ್ನೂ ಕೊಟ್ಟರು. ಅಲುಗಿದ್ದು ತಾತನ ಕೈ. ನಡು ನೆಟ್ಟಗೇ ಇತ್ತು! ಬರೋ ಮತ್ತು ಎಮೆನೊ ಅವರ ದ್ರಾವಿಡ ಪದಮೂಲ ನಿಘಂಟು (1961) ‘ನಡು’, ‘ನಡುಗು’ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಿದೆ. ತಮಿಳಿನಲ್ಲಿ ಇದು ‘ನಡುಂಗು’. ಅಲ್ಲಿನ ಅಡಂಗು, ತೊಡಂಗುಗಳಿಗೆ ಸರಿಯಾಗಿ ನಮ್ಮಲ್ಲಿ ಸೊನ್ನೆಯಿಲ್ಲದ ಅಡಗು, ತೊಡಗುಗಳಿರುವಂತೆಯೇ ಈ ‘ನಡುಗು’. ‘ಮರುಗು’ವಿನಿಂದ ‘ಮರುಕ’ವಾದಂತೆ ‘ನಡುಗು’ವಿನಿಂದ ‘ನಡುಕ’. ಇಷ್ಟು ಹಳೆಯ, ಇಷ್ಟು ಕ್ರಮವಾದ ಮಾತು ಅಶಾಸ್ತ್ರೀಯವೆ?

ನಾನು ಸಂಸ್ಕೃತದ ವೈರಿಯಲ್ಲ. ‘ಭೂಕಂಪ’ ಈಗ ಎಲ್ಲರ ಮಾತು. ನಾಟ್ಯಶಾಸ್ತ್ರದ ಎಂಟು ಸಾತ್ತ್ವಿಕ ಭಾವಗಳಲ್ಲೊಂದಾದ ‘ವೇಪಥು’ವನ್ನು ತರಗತಿಯಲ್ಲಿ ಸಂತೋಷದಿಂದಲೇ ಪಾಠ ಹೇಳುತ್ತೇನೆ. ಆದರೆ ಕನ್ನಡದ ಸೂಕ್ಷ್ಮವನ್ನೂ ನೋಡಬೇಕು. ನಮ್ಮೂರಲ್ಲಿ ಮಗ್ಗ ಓಡಿದರೆ ಗೋಡೆ ಅದುರುತ್ತದೆ. ಅಳು ಒತ್ತಿ ಬಂದರೆ ತುಟಿ ಅದುರುತ್ತದೆ. ಚಳಿಗೆ, ಭಯಕ್ಕೆ, ಮುಪ್ಪಿಗೆ ಮೈ ನಡುಗುತ್ತದೆ. ‘ಕಂಪನ’ವಾದರೋ ಎಲ್ಲವನ್ನೂ ಒಂದೇ ಮೂಟೆಗೆ ತುಂಬುತ್ತದೆ.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಬಗೆಯ ರೋಗವೊಂದನ್ನು ವಿವರಿಸಿ ಬರೆದ ಪ್ರಬಂಧದ ತಲೆಬರಹದಲ್ಲಿ, ‘ನಡುಗುವ’ ಎಂಬರ್ಥದ ತನ್ನ ಜನರ ಸಾಮಾನ್ಯ ಮಾತನ್ನೇ ಇಟ್ಟ. ಶಾಸ್ತ್ರಕ್ಕೆ ಕುಂದೇನೂ ಬರಲಿಲ್ಲ. ಆ ರೋಗಕ್ಕೆ ಇಂದು ಅವನದೇ ಹೆಸರಿದೆ.

ತಾತನ ಕಾಗದದಲ್ಲಿ ಗುರುತನ್ನು ತಿದ್ದಿಸಲು ನಾನು ಪಕ್ಕದಲ್ಲಿದ್ದೆ. ಪಕ್ಕದಲ್ಲಿ ಯಾರೂ ಇಲ್ಲದವರ ಕಾಗದಗಳಲ್ಲಿ ಅಂದು ಎಷ್ಟು ‘ಇಲ್ಲ’ಗಳು ಬಿದ್ದುವೋ! ಪ್ರಶ್ನೆ ಬರೆಯುವ ಪಂಡಿತರು ದಯವಿಟ್ಟು ‘ಕೈ ನಡುಗುತ್ತದೆಯೇ?’ ಎಂದು ಬರೆಯಲಿ. ಬರೆಯುವಾಗ ಅವರ ಕೈ ನಡುಗಬೇಕಾದ ಕಾರಣವೇನೂ ಇಲ್ಲ.