ಮುಂಗಡಕ್ಕೆ ಮೊದಲು ನ್ಯಾಯಾಲಯದ ಕಡತ

ಮಳಿಗೆ ಅಥವಾ ಕಾರ್ಖಾನೆಗಾಗಿ ಸ್ವತ್ತು ಖರೀದಿಸುವ ವರ್ತಕರು ಸಾಮಾನ್ಯವಾಗಿ ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರವನ್ನು ನೋಡಿ ತೃಪ್ತರಾಗುತ್ತಾರೆ. ಇದು ಸಾಲದು. ಆ ಪತ್ರ ತಿಳಿಸುವುದು ನೋಂದಾಯಿತ ವ್ಯವಹಾರಗಳನ್ನು. ವಿಚಾರಣೆಯಲ್ಲಿರುವ ಪಾಲುವಿಭಾಗದ ದಾವೆ ಅದರಲ್ಲಿ ಕಾಣದಿರಬಹುದು. ದಾವೆ ನಡೆಯುತ್ತಿರುವಾಗ ಕೊಂಡವರು, ಅರಿಯದೆ ಕೊಂಡಿದ್ದರೂ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 52ನೇ ಕಲಮಿನಂತೆ ಅದರ ತೀರ್ಪಿಗೆ ಬದ್ಧರು.

ಇ-ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳ ಪ್ರಕರಣಗಳನ್ನು ಪಕ್ಷಕಾರರ ಹೆಸರು ಮತ್ತು ವರ್ಷ ನಮೂದಿಸಿ ಉಚಿತವಾಗಿ ಹುಡುಕಬಹುದು. ಪ್ರತಿ ಪ್ರಕರಣಕ್ಕೂ 16 ಅಕ್ಷರಾಂಕಗಳ ಸಿ.ಎನ್.ಆರ್. ಸಂಖ್ಯೆಯಿರುತ್ತದೆ. ಆದರೆ ಒಂದೇ ಹೆಸರನ್ನು ಹಲವು ಬಗೆಯಲ್ಲಿ ಬರೆಯುವುದುಂಟು. ಒಂದೇ ಹೆಸರಿನ ಹಲವರೂ ಇರುತ್ತಾರೆ. ಆದ್ದರಿಂದ ಮಾರುವವರ ಹೆಸರಲ್ಲದೆ ಅವರ ತಂದೆ, ಸಹೋದರರ ಹೆಸರುಗಳನ್ನೂ ಬೇರೆ ಬೇರೆ ಕಾಗುಣಿತದಲ್ಲಿ ಶೋಧಿಸುವುದು ಉಚಿತ.

ಪ್ರಕರಣ ಕಂಡುಬಂದಲ್ಲಿ ದಾವಾಪತ್ರ ಮತ್ತು ಆದೇಶಗಳ ದೃಢೀಕೃತ ನಕಲನ್ನೇ ಪಡೆದು ಸ್ವತ್ತಿನ ವಿವರವನ್ನು ತಾಳೆ ನೋಡಬೇಕು. ಇದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಸರಿಯಾದ ಮಾರ್ಗವಲ್ಲ. ಉಚ್ಚ ನ್ಯಾಯಾಲಯದ ನಿಯಮಗಳಂತೆಯೇ ನಕಲು ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿದೆ. ಪಕ್ಷಕಾರರಲ್ಲದವರು ಸಾಮಾನ್ಯವಾಗಿ ಕಾರಣ ತಿಳಿಸಿ ನ್ಯಾಯಾಲಯದ ಅನುಮತಿ ಪಡೆಯಬೇಕಾಗುವುದರಿಂದ, ಪಕ್ಷಕಾರರಾದ ಮಾರಾಟಗಾರರಿಂದಲೇ ನಕಲು ತರಿಸುವುದು ಸುಲಭ.

ಹೀಗೆ ಕೇಳಿದರೆ ಅಪನಂಬಿಕೆಯೆಂದು ಭಾವಿಸುವರೆಂಬ ಸಂಕೋಚ ನಮ್ಮ ವರ್ತಕರಲ್ಲಿ ಇನ್ನೂ ಉಳಿದಿದೆ. ನೇರ ವ್ಯವಹಾರದವರು ಕಡತ ತೋರಿಸಲು ಹಿಂಜರಿಯಬೇಕಿಲ್ಲ. ಹಿಂಜರಿದರೆ ಮುಂಗಡವನ್ನು ತಡೆಹಿಡಿಯಲು ಅದೇ ಸಾಕಷ್ಟು ಕಾರಣ. ಲಕ್ಷಾಂತರ ರೂಪಾಯಿ ತೆರಲು ಸಿದ್ಧರಿರುವವರು ನಕಲು ಶುಲ್ಕವನ್ನೂ ಕೆಲವು ದಿನಗಳ ಕಾಯುವಿಕೆಯನ್ನೂ ಉಳಿಸಲು ಹೊರಡುವುದು ಜಾಣತನವಲ್ಲ.